ಹಸಿರು ಚೌಕ

ಹೊಸ ಫುಲ್‌ಫ್ರೇಮ್ ಕ್ಯಾಮೆರಾ ಹೇಗಿದೆ ಎಂದು ಇನ್ನು ಯಾರೂ ನನ್ನನ್ನು ಕೇಳಬೇಡಿ. ಕಣ್ಣು ಕಂಡರೆ ಸಾಕು, ತಾನೇ ಪರದೆಯ ಮೇಲೆ ಹಸಿರು ಚೌಕ ಹಾಕಿ ಫೋಕಸ್ ಹಿಡಿಯುತ್ತದೆ, ಮುಖ ಹತ್ತಿರ ಬಂದಷ್ಟೂ ಚೌಕ ದೊಡ್ಡದಾಗುತ್ತದೆ ಎಂದು ಕೊಂಡವರೆಲ್ಲ ಹೊಗಳಿದ್ದರು. ಅವರ ಬಾಯಿಗೆ ಮಣ್ಣು ಬೀಳ.

ಬಡವನಹಳ್ಳಿಯಲ್ಲಿ ತೀರಿಕೊಂಡ ಸಿದ್ದಗಂಗಮ್ಮನವರಿಗೆ ವಿಭೂತಿ ಹಚ್ಚಿ, ಕುರ್ಚಿಯಲ್ಲಿ ಕೂರಿಸಿ, ಮನೆಯವರೆಲ್ಲ ಫೋಟೊಗೆ ಸುತ್ತ ನಿಂತಿದ್ದರು. ಬದುಕಿದ್ದವರ ಒಂದು ಕಣ್ಣಿಗೂ ಚೌಕ ಬೀಳಲಿಲ್ಲ. ಆ ಮುಚ್ಚಿದ ರೆಪ್ಪೆಗಳ ಮೇಲೇ ಕೂತಿತು. ಮೂರು ಸಲ ಬೇರೆ ಮುಖಕ್ಕೆ ಬದಲಿಸಿದರೂ ಅಲ್ಲಿಗೇ ಹೋಯಿತು.

“ಅವ್ವನ್ನ ಎಷ್ಟೊತ್ತು ಬಿಸ್ಲಲ್ಲಿ ಕೂರುಸ್ತೀಯಣ್ಣ? ತೆಗಿ ಬೇಗ,” ಎಂದು ಮಗ ಪ್ರಭುದೇವ್ ಗದರಿದ.

“ಕ್ಯಾಮೆರಾ ಕೆಟ್ಟೋಗೈತೆ ಕಣಪ್ಪ,” ಎಂದು ರೇಗಿ, ಲೆನ್ಸಿಗೆ ಮುಚ್ಚಳ ಹಾಕಿದೆ. ಪರದೆ ಪೂರ್ತಿ ಕಪ್ಪಾಯಿತು.

ಚೌಕ ಮಾತ್ರ ಹೋಗಲಿಲ್ಲ. ಆ ಕಪ್ಪಿನಲ್ಲಿ ಅದು ನಿಧಾನವಾಗಿ ದೊಡ್ಡದಾಗತೊಡಗಿತು.