ಜೋಗದ ಎರಡು ರೀಲು

ಮೂವತ್ತಾರು ಫೋಟೋ. ಒಂದರಲ್ಲೂ ಜಲಪಾತ ನೆಟ್ಟಗೆ ಬಂದಿರಲಿಲ್ಲ. ಎಲ್ಲದರಲ್ಲೂ ನಾನೇ. ಕೊಡೆ ಬಿಚ್ಚುವ ನಾನು, ಮಂಡಕ್ಕಿ ತಿನ್ನುವ ನಾನು, ಒದ್ದೆ ಸೆರಗು ಹಿಂಡುತ್ತಾ ಮುಖ ಸಿಂಡರಿಸಿದ ನಾನು. ನನ್ನ ಕಿವಿಯ ಹಿಂದೆ ಎಲ್ಲೋ ಒಂದು ಬಿಳಿ ಗೆರೆ. ಅದೇ ಜೋಗವಂತೆ!

1998ರ ದಸರಾ ರಜೆಯಲ್ಲಿ ಹೊಸಹಳ್ಳಿಯ ನಮ್ಮ ಶಾಲೆಯ ಶಿಕ್ಷಕರೆಲ್ಲ ಬಸ್ಸು ಮಾಡಿಕೊಂಡು ಜೋಗಕ್ಕೆ ಹೋಗಿದ್ದೆವು. ಫೋಟೋ ತೆಗೆಯಲು ಕೂಡ್ಲಿಗಿಯ ಸ್ಟುಡಿಯೋ ಅಮರೇಶ್ ಜೊತೆಗೆ ಬಂದಿದ್ದರು. ನನ್ನದು ಒಂದೇ ಬೇಡಿಕೆ: ಒಂದು ರೀಲು ಪೂರ್ತಿ ನೀರಿಗೇ ಇರಲಿ. ನಾಲ್ಕನೇ ತರಗತಿಗೆ ಜಲಪಾತದ ಪಾಠ ಮಾಡಬೇಕಿತ್ತು. ನಮ್ಮ ಮಕ್ಕಳು ಮೇಲಿಂದ ಬೀಳುವ ನೀರು ನೋಡಿದ್ದು ಬೋರ್‌ವೆಲ್ ಪೈಪಿನಲ್ಲಿ ಮಾತ್ರ. ಜೋಗ ತೋರಿಸುತ್ತೇನೆ ಅಂತ ಅವರಿಗೆ ಮಾತು ಕೊಟ್ಟಿದ್ದೆ.

ದಾರಿಯಲ್ಲಿ ಅಮರೇಶ್ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಿದ್ದರು. ನಾನು ತಿರುಗಿದಾಗಲೆಲ್ಲ ಗಡಬಡಿಸಿ ಲೆನ್ಸ್ ಒರೆಸುತ್ತಿದ್ದರು. ಆಗಲೇ ನನಗೆ ಗೊತ್ತಾಗಬೇಕಿತ್ತು.

ಸ್ಟುಡಿಯೋದಿಂದ ಬಂದ ಕವರನ್ನು ನೇರವಾಗಿ ತರಗತಿಯಲ್ಲೇ ಒಡೆದಿದ್ದು ನನ್ನ ತಪ್ಪು. ಮುಂದೆ ಕೂತಿದ್ದ ಹುಲುಗಮ್ಮ ಒಂದೊಂದೇ ಫೋಟೋ ತಿರುಗಿಸಿ ನೋಡಿ, "ನೀವು ಚಂದ ಅದೀರಿ ಟೀಚರ್. ನೀರು ಎಲ್ಲಿ ಐತ್ರಿ?" ಅಂದಳು. ಇಡೀ ತರಗತಿ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಶಾಲೆ ಬಿಟ್ಟಿದ್ದೇ ತಡ, ಕೂಡ್ಲಿಗಿ ಬಸ್ಸು ಹತ್ತಿದೆ. ಫೋಟೋಗಳನ್ನು ಅಮರೇಶ್ ಮುಂದೆ ಸುರಿದು, ಕೇಳದೆ ಹೆಣ್ಣುಮಗಳ ಫೋಟೋ ತೆಗೆಯುವುದು ಯಾವ ಮರ್ಯಾದೆ, ಮಕ್ಕಳ ಮುಂದೆ ನಾನು ಸುಳ್ಳುಗಾತಿಯಾದದ್ದಕ್ಕೆ ಯಾರು ಹೊಣೆ ಅಂತ ಬಾಯಿಗೆ ಬಂದಂತೆ ಬೈದೆ. ನೆಗೆಟಿವ್ ಕೂಡ ಕೊಡಿ ಅಂದೆ. ಅವರು ಎದುರಾಡಿದ್ದರೆ ಇನ್ನಷ್ಟು ಬೈಯಬಹುದಿತ್ತು. ನೆಗೆಟಿವ್ ಸಮೇತ ಎಲ್ಲವನ್ನೂ ಕವರಿಗೆ ಹಾಕಿ ಕೊಟ್ಟರು.

"ತಪ್ಪಾತ್ರಿ ಟೀಚರ್. ಮಂಜು ಸರಿದಾಗ ಎಲ್ಲರೂ ನೀರು ನೋಡಿದ್ರು, ನಾ ನಿಮ್ಮನ್ನ ನೋಡಿದೆ. ಜೋಗ ಹೆಂಗೈತಿ ಅಂತ ನನಗೂ ಗೊತ್ತಿಲ್ರಿ."

ಹೀಗೆ ಹೇಳಿದರೆ ಮನುಷ್ಯರು ಹೇಗೆ ಬೈಯಬೇಕು? ಮನೆಗೆ ಬಂದು ಮೂವತ್ತಾರನ್ನೂ ಮತ್ತೆ ನೋಡಿದೆ. ನಾನು ಚಂದ ಇದ್ದೇನೆ ಅಂತ ದೊಡ್ಡವರು ಯಾರೂ ಅಲ್ಲಿಯತನಕ ನನಗೆ ಹೇಳಿರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಎರಡು ವಾರದ ಮೇಲೆ, ಶನಿವಾರದ ಬೆಳಗಿನ ಶಾಲೆಗೆ ಅಮರೇಶ್ ಬಂದರು. ಒಬ್ಬರೇ ಬಸ್ಸು ಬದಲಿಸುತ್ತಾ ಜೋಗಕ್ಕೆ ಹೋಗಿ, ಎರಡು ದಿನ ಮಂಜು ಸರಿಯುವುದನ್ನೇ ಕಾದು, ಇನ್ನೊಂದು ರೀಲು ತೆಗೆದು ತಂದಿದ್ದರು. ಜಿಗಣೆ ಕಚ್ಚಿದ ಕಾಲಿಗೆ ಇನ್ನೂ ಪಟ್ಟಿ ಇತ್ತು. ಫೋಟೋಗಳನ್ನು ಸಾಲಾಗಿ ಗೋಡೆಗೆ ಅಂಟಿಸಿದೆವು. ಮಕ್ಕಳು ಬಾಯಿ ಬಿಟ್ಟು ನಿಂತರು. ಹುಲುಗಮ್ಮ ನೀರನ್ನು ಮುಟ್ಟಿ, ಬೆರಳು ಒದ್ದೆಯಾಯಿತೇನೋ ಎಂದು ನೋಡಿಕೊಂಡಳು.

ಮಕ್ಕಳು ಮನೆಗೆ ಹೋದ ಮೇಲೆ ನಾನು ಆ ಗೋಡೆಯನ್ನು ಎರಡು ಸಲ ಹುಡುಕಿದೆ. ಮೂವತ್ತಾರು ಫೋಟೋ. ಒಂದರಲ್ಲೂ ನಾನಿಲ್ಲ. ಎಲ್ಲಿಲ್ಲದ ಸಿಟ್ಟು ಬಂತು.

"ಒಬ್ಬರೇ ಹೋಗಿ ಬಂದ್ರೇನು?"

"ನೀರಷ್ಟೇ ಬೇಕು ಅಂದಿದ್ರಲ್ರಿ," ಅಂದರು ಅಮರೇಶ್, ಹೆದರುತ್ತಾ.

"ಅದು ಮಕ್ಕಳಿಗೆ. ನನ್ನ ಬಿಟ್ಟು ಹೋಗ್ರಿ ಅಂತ ಯಾರು ಹೇಳಿದ್ರು ನಿಮಗ?"

ಅವರಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಆಮೇಲೆ ಚೀಲದಿಂದ ಕ್ಯಾಮೆರಾ ತೆಗೆದು, ಮೊದಲ ಸಲ ನನ್ನನ್ನು ಕೇಳಿದರು.

"ಒಂದು ಫೋಟೋ ತೆಗೀಲೇನ್ರಿ?"

"ನಾಳೆ ಮನಿಗೆ ಬಂದು ನಮ್ಮಪ್ಪನ್ನ ಕೇಳ್ರಿ," ಅಂದೆ. ಹಾಗಂದು, ಸೆರಗು ಸರಿಮಾಡಿಕೊಂಡು ಜೋಗದ ಮುಂದೆ ನಿಂತೆ.