ದೀಪ ಹಿಡಿದ ಮುದುಕಿ

ಮೊದಲನೇ ಭಾಗ ಕೊಡುವುದೋ, ಮೂರನೆಯದೋ? ಮೊದಲನೆಯದರಲ್ಲಿ ನಾಲ್ಕು ಪುಟ ಬರೀ ರಾಜನ ದರ್ಬಾರು. ಕಾಮಿಕ್ಸ್ ಓದಿಯೇ ಗೊತ್ತಿಲ್ಲದವಳಿಗೆ ಅಲ್ಲೇ ಬೋರ್ ಆಗಿಬಿಟ್ಟರೆ? ಮೂರನೆಯದರಲ್ಲಿ ಮುದುಕಿ ಬರುತ್ತಾಳೆ, ಅದು ಮಜಾ. ಆದರೆ ಮಧ್ಯದಿಂದ ಶುರು ಮಾಡಿ, ಏನೂ ಅರ್ಥವಾಗದೆ ವಾಪಸ್ ಕೊಟ್ಟರೆ?

ಸಹಮ್‌ನಿಂದ ಸೋಹಾರ್‌ಗೆ ಹೋಗುವ ಸ್ಕೂಲ್ ಬಸ್ಸಿನಲ್ಲಿ ಬೊನಿಫಾಸ್ ಬ್ಯಾಗಿನೊಳಗೆ ಕೈ ಇಟ್ಟುಕೊಂಡು ಕುಳಿತಿದ್ದ. ಪಕ್ಕದಲ್ಲಿ ಹರಿಣಾಕ್ಷಿ ಕಿಟಕಿಯಾಚೆಯ ಖರ್ಜೂರದ ತೋಟಗಳನ್ನು ನೋಡುತ್ತಿದ್ದಳು. ಇಬ್ಬರದೂ ಐದನೇ ಕ್ಲಾಸು.

ಅವನು ಉಡುಪಿಯಲ್ಲಿ ಮೂರನೇ ಕ್ಲಾಸು ಮುಗಿಸಿ ಒಮಾನಿಗೆ ಬಂದವನು. ಬರುವಾಗ ‘ಗಾಜಿನ ಕಾಡು’ ಕಾಮಿಕ್ಸಿನ ಆರೂ ಭಾಗಗಳನ್ನು ತಂದಿದ್ದ. ಅಜ್ಜಿಕತೆಗಳ ರಾಜಕುಮಾರಿಯರೆಲ್ಲ ಅದರಲ್ಲಿದ್ದರು. ಆದರೆ ಯಾರೂ ರಾಜಕುಮಾರನಿಗಾಗಿ ಕಾಯುತ್ತಿರಲಿಲ್ಲ. ನೂರು ವರ್ಷ ಮಲಗಬೇಕಾದವಳು ಸೊಳ್ಳೆ ಕಚ್ಚಿ ಎದ್ದು, ಚಪ್ಪಲಿ ಹುಡುಕಿಕೊಂಡು ಹೊರಟುಬಿಡುತ್ತಿದ್ದಳು.

ಅದರ ಬಗ್ಗೆ ಯಾರ ಜೊತೆಗಾದರೂ ಮಾತಾಡಬೇಕೆಂದು ಅವನಿಗೆ ಎರಡು ವರ್ಷದಿಂದ ಆಸೆ. ಓದಿದ್ದವನು ಏಳನೇ ಕ್ಲಾಸಿನ ಫ್ರೆಡ್ಡಿ ಒಬ್ಬನೇ. ಅವನು “ಓಕೆ” ಎಂದಷ್ಟೇ ಹೇಳಿ ವಾಪಸ್ ಕೊಟ್ಟಿದ್ದ.

ಕೊನೆಗೆ ಬೊನಿಫಾಸ್ ಮೂರನೆಯದನ್ನೇ ತೆಗೆದ. “ಇದರಿಂದ ಶುರು ಮಾಡು. ಬೆಸ್ಟ್ ಇದೇ. ಮೊದಲನೇದು ಆಮೇಲೆ ಓದಿದ್ರೂ ಆಗ್ತದೆ.”

ಹರಿಣಾಕ್ಷಿ ಮುಖಪುಟ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, ಹೇಳದೆ, ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡಳು.

ಒಮಾನಿನಲ್ಲಿ ಆಗ ಗುರುವಾರ, ಶುಕ್ರವಾರ ವಾರದ ರಜೆ. ಆ ಎರಡು ದಿನ ಅವನಿಗೆ ಹೋಗಲೇ ಇಲ್ಲ. ಶನಿವಾರ ಬಸ್ ಹತ್ತಿದ ಕೂಡಲೇ ಅವಳೇ ಮಾತು ಶುರು ಮಾಡಿದಳು.

“ಆ ಅಜ್ಜಿ ಪಾಪ ಅಲ್ವಾ?”

“ಯಾವ ಅಜ್ಜಿ?”

“ದೀಪ ಹಿಡ್ಕೊಂಡು ಹಿಂದೆ ಹಿಂದೆ ಬರ್ತಾಳಲ್ಲ, ಅವಳು. ಕತ್ತಲೆ ಆಗ್ತದೆ, ವಾಪಸ್ ಬಾ ಅಂತ ಕೂಗಿ ಕೂಗಿ ಕರೀತಾಳೆ. ಈ ಹುಡುಗಿಗೆ ಅರ್ಥವೇ ಆಗುದಿಲ್ಲ. ಓಡಿಹೋಗಿ ಬಾಗಿಲು ಹಾಕ್ಕೊಳ್ತಾಳೆ. ಲಾಸ್ಟಲ್ಲಿ ಗೊತ್ತಾಗಿ ಬೇಜಾರಾಗ್ತದೆ.”

ಬೊನಿಫಾಸ್‌ಗೆ ಗೊತ್ತಿದ್ದ ಕತೆಯೇ ಬೇರೆ. ಆ ಮುದುಕಿ ಮಾಟಗಾತಿ. ಅವಳು ಕೂಗುವುದು ‘ನಿನ್ನ ಎಲುಬು ಮುರಿದು ಸಾರು ಮಾಡುತ್ತೇನೆ’ ಎಂದು. ದಪ್ಪ ಅಕ್ಷರಗಳಲ್ಲಿ ಬರೆದಿದೆ.

ಹಿಂದಿನ ಸೀಟಿನಲ್ಲಿದ್ದ ಫ್ರೆಡ್ಡಿ ನಕ್ಕುಬಿಟ್ಟ. “ಎಂಥ ಅಜ್ಜಿ ಮಾರಾಯ್ತಿ? ಅದು ಮಾಟಗಾತಿ. ಸಾರು ಮಾಡ್ತೇನೆ ಅಂತ ಬರ್ದುಂಟು ಅಲ್ಲಿ. ಕನ್ನಡ ಓದ್ಲಿಕ್ಕೆ ಬರುದಿಲ್ವಾ ನಿಂಗೆ?”

ಮುಂದಿನ ಸೀಟಿನವರು ತಿರುಗಿ ನೋಡಿದರು. ಹರಿಣಾಕ್ಷಿಯ ಮುಖ ಸಣ್ಣದಾಯಿತು.

ಅವಳು ಹುಟ್ಟಿದ್ದೇ ಒಮಾನಿನಲ್ಲಿ. ಮನೆಯಲ್ಲಿ ತುಳು, ಬಸ್ಸಿನಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್, ಹಿಂದಿ. ಇಷ್ಟು ಚೆನ್ನಾಗಿ ಕನ್ನಡ ಮಾತಾಡುವವಳಿಗೆ ಅದರ ಅಕ್ಷರವನ್ನು ಯಾರೂ ಕಲಿಸಿರಲಿಕ್ಕಿಲ್ಲ ಎಂದು ಬೊನಿಫಾಸ್‌ಗೆ ಹೊಳೆದದ್ದು ಆಗಲೇ. ಎರಡು ದಿನ ಅವಳು ಬರೀ ಚಿತ್ರಗಳನ್ನು ನೋಡಿದ್ದಾಳೆ.

ಅವನು ಅವಳಿಂದ ಪುಸ್ತಕ ತೆಗೆದುಕೊಂಡು ಕೊನೆಯ ಪುಟ ಬಿಡಿಸಿದ. ರಾಜಕುಮಾರಿ ಮುಚ್ಚಿದ ಬಾಗಿಲಿಗೆ ಒರಗಿ ನಿಂತಿದ್ದಳು. ಮೇಲೆ ‘ಗೆದ್ದೆ’ ಎಂದು ಬರೆದಿತ್ತು. ಹನ್ನೊಂದು ಸಲ ಓದಿದ್ದರೂ ಅವನು ಅವಳ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಅದು ಗೆದ್ದವರ ಮುಖವಾಗಿರಲಿಲ್ಲ. ಬಾಗಿಲ ಕೆಳಗಿನ ಸಂದಿಯಿಂದ ದೀಪದ ಬೆಳಕು ತೆಳ್ಳಗೆ ಒಳಗೆ ಬಂದು ಅವಳ ಪಾದ ಮುಟ್ಟಿತ್ತು.

ಇಷ್ಟು ದಿನ ಇದು ಎಲ್ಲಿತ್ತು?

“ಇವಳ ಮುಖ ನೋಡು ಫ್ರೆಡ್ಡಿ,” ಎಂದ. “ಹರಿಣಾಕ್ಷಿ ಹೇಳಿದ ಕತೆಯೂ ಇದರಲ್ಲಿ ಉಂಟು.”

ಫ್ರೆಡ್ಡಿ ಸೀಟಿನ ಮೇಲಿಂದ ಬಗ್ಗಿದ. ಬಸ್ಸು ಒಂದು ರೌಂಡಬೌಟ್ ಸುತ್ತಿ ಮುಗಿಸುವವರೆಗೂ ನೋಡಿದ. ಆಮೇಲೆ, ಇವತ್ತು ಒಂದು ದಿನ ಪುಸ್ತಕ ತನಗೆ ಕೊಡಬಹುದಾ ಎಂದು ಕೇಳಿ ತೆಗೆದುಕೊಂಡ.

ಹರಿಣಾಕ್ಷಿ ಕಿಟಕಿಯ ಕಡೆಗೇ ತಿರುಗಿದ್ದಳು. ಶಾಲೆ ಹತ್ತಿರವಾದಾಗ ಮೆಲ್ಲನೆ ಕೇಳಿದಳು, “ನೆಕ್ಸ್ಟ್ ಯಾವುದು?”

“ನಾಲ್ಕನೇದು. ನಾಳೆ ತರ್ತೇನೆ. ಆದ್ರೆ ನೀನು ನಂಗೆ ಕತೆ ಹೇಳ್ಬೇಕು.”

ಉಳಿದ ಐದು ಭಾಗಗಳ ಕತೆಯನ್ನೂ ಅವಳು ಅದೇ ಸೀಟಿನಲ್ಲಿ ಕುಳಿತು ಹೇಳಿದಳು. ಬೊನಿಫಾಸ್ ಒಂದನ್ನೂ ತಿದ್ದಲಿಲ್ಲ. ಅವಳಿಗೆ ಕನ್ನಡ ಓದಲು ಬಾರದೆಂದು ತನಗೆ ಗೊತ್ತು ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.