ಘಟ್ಟದ ತಿರುವಿನ ಬೆಚ್ಚನೆಯ ಕಲ್ಲು

ತಂಗಿಯ ಗಂಡ ರಘೋತ್ತಮ ಹೊಸ ಕಾರು ಕೊಂಡ ಮೇಲೆ ಅವನಿಗೆ ಪ್ರಪಂಚವೆಲ್ಲ ‘ವ್ಯೂ’ ಆಗಿತ್ತು. ಹೋದ ನವೆಂಬರಿನಲ್ಲಿ ನನ್ನನ್ನೂ ತಂಗಿ ನಲಿನಿಯನ್ನೂ ಕೂಡಿಸಿಕೊಂಡು ರಾಣೆಬೆನ್ನೂರಿನಿಂದ ದೇವಿಮನೆ ಘಟ್ಟಕ್ಕೆ ಹೊರಟ. ಹಿಂದಿನ ಸೀಟಿನಲ್ಲಿ ನಾನೊಬ್ಬನೇ ಇದ್ದೆ. ತಿರುವಿಗೊಂದು ಸಲ ಗಾಡಿ ನಿಲ್ಲಿಸಿ, ಕಣಿವೆಗೆ ಬೆನ್ನು ಹಾಕಿ, ತನ್ನ ಮುಖದ ಫೋಟೊ ತೆಗೆದುಕೊಳ್ಳುವ ಈ ಮೂರ್ಖನಿಗೆ ಬೆಟ್ಟವಾದರೂ ಯಾಕೆ ಬೇಕು ಅನಿಸಿತು.

ಮೊದಲ ತಿರುವಿನಲ್ಲಿ ನಾನು ರಸ್ತೆಯಂಚಿನ ತಡೆಗೋಡೆಯ ಮೇಲೆ ಕೂತೆ. ಮಂಜಿಗೆ ನೆನೆದ ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಒಂದು ಮೊಳದಷ್ಟು ಜಾಗ ಮಾತ್ರ ಬೆಚ್ಚಗಿತ್ತು, ಈಗಷ್ಟೇ ಯಾರೋ ಎದ್ದು ಹೋದಂತೆ. ಎರಡನೆಯ ತಿರುವಿನಲ್ಲೂ ಹಾಗೇ. ಮೂರನೆಯದರಲ್ಲೂ.

“ಇಲ್ಲೆ ಮುಟ್ಟಿ ನೋಡು,” ಅಂದೆ.

ರಘೋತ್ತಮ ಮೊಬೈಲಿನಿಂದ ಕಣ್ಣೆತ್ತಲಿಲ್ಲ. “ಬಿಸಿಲಿಗೆ ಕಾದಿರ್ತದ್ರಿ.”

“ಎಲ್ಲದ ಬಿಸಿಲು?” ಎಂದಳು ನಲಿನಿ. ಬೆಳಗಿನಿಂದ ಸೂರ್ಯನೇ ಕಂಡಿರಲಿಲ್ಲ.

ಅಂಥವನ ಜೊತೆ ಮಾತೇ ದಂಡವೆಂದು ಕಾರು ಹತ್ತಿದೆ. ಬೆಳಗಿನಿಂದ ನಾನು ಕೂತದ್ದು ಬಲಕ್ಕೆ; ಆದರೆ ಹಿಂದಿನ ಸೀಟಿನ ಎಡಭಾಗ ಬೆಚ್ಚಗಿತ್ತು. ಹಟಕ್ಕೆ ಅಲ್ಲೇ ಕೂತೆ. ಬಲಕ್ಕೆ ಮೆತ್ತೆ ಮೆಲ್ಲಗೆ ತಗ್ಗಿತು, ಯಾರೋ ಸರಿದು ಜಾಗ ಬಿಟ್ಟಂತೆ.

ಊರು ಸೇರುವವರೆಗೆ ನಾನು ಕಾಲು ಅಲ್ಲಾಡಿಸಲಿಲ್ಲ. ಮನೆಯ ಮುಂದೆ ಮೂವರೂ ಇಳಿದು ಕಾರಿನ ತಂತಮ್ಮ ಬಾಗಿಲು ಹಾಕಿದೆವು. ಬಾಗಿಲು ಬಡಿದ ಸದ್ದು ನಾಲ್ಕು ಸಲ ಕೇಳಿತು.